ಚಿನ್ನಸ್ವಾಮಿಯಲ್ಲಿ ಪಂದ್ಯವಿದ್ದ ದಿನ ಅಂಗಡಿ ನಡೆಸುವುದು ಹೇಗೆ?

ಕೇಳಿದವರು: ಚರ್ಚ್ ಸ್ಟ್ರೀಟ್‌ಗೆ ಹೊಂದಿಕೊಂಡ ಓಣಿಯಲ್ಲಿ ಹೊಸದಾಗಿ ಕೇಕ್ ಅಂಗಡಿ ತೆರೆದಿದ್ದೇನೆ. ಐಪಿಎಲ್ ಬಂದರೆ ದಾರಿಗಳೆಲ್ಲ ಕಟ್ಟಿಕೊಳ್ಳುತ್ತವೆ ಎಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ಕೆಲಸದ ಹುಡುಗರು ಕೆಂಗೇರಿ, ಕೆ.ಆರ್. ಪುರದಿಂದ ಬರುವವರು. ಸಂಜೆ ಹುಟ್ಟುಹಬ್ಬದ ಕೇಕ್‌ಗಳನ್ನು ಮನೆಗಳಿಗೆ ತಲುಪಿಸಬೇಕು. ಪಂದ್ಯದ ದಿನ ಬಾಗಿಲು ಹಾಕಿಬಿಡಲೇ? ಅನುಭವವಿದ್ದವರು ತಿಳಿಸಿ.

ಕ್ವೀನ್ಸ್ ರಸ್ತೆಯ ಮುದ್ರಣ ಮಳಿಗೆಯವರು: ಬಾಗಿಲು ಹಾಕಬೇಡಿ ಮೇಡಂ. ಇಡೀ ದಿನವೇನೂ ಕೆಡುವುದಿಲ್ಲ, ಎರಡು ಹೊತ್ತು ಕೆಡುತ್ತದೆ ಅಷ್ಟೆ. ಏಳೂವರೆಯ ಪಂದ್ಯವಾದರೆ ಸಂಜೆ ಐದರಿಂದಲೇ ಜನ ಸೇರುತ್ತಾರೆ. ಕಚೇರಿ ಬಿಡುವ ಹೊತ್ತೂ ಅದೇ ಆದ್ದರಿಂದ ಆರರ ಮೇಲೆ ಅನಿಲ್ ಕುಂಬ್ಳೆ ವೃತ್ತದಲ್ಲಿ ಸಿಕ್ಕಿಕೊಂಡ ಆಟೊ ಮಿಸುಕಾಡುವುದಿಲ್ಲ. ಪಂದ್ಯ ಶುರುವಾಯಿತೋ, ರಸ್ತೆ ಬಿಡುವಾಗುತ್ತದೆ. ಎಂಟರಿಂದ ಹತ್ತೂವರೆಯವರೆಗಿನ ಸಮಯ ನಮ್ಮದು. ಐಪಿಎಲ್ ಬರುವುದು ಮದುವೆಯ ಕಾಲದಲ್ಲೇ. ಲಗ್ನಪತ್ರಿಕೆಯ ಕಟ್ಟುಗಳನ್ನು ನಾವು ಸಾಗಿಸುವುದು ಆ ಸಮಯದಲ್ಲೇ. ಹನ್ನೊಂದರ ಮೇಲೆ ಮತ್ತೆ ಜಾತ್ರೆ.

ನಿಮ್ಮದು ಪತ್ರಿಕೆಯಲ್ಲ, ಏಳು ಗಂಟೆಗೆ ಮೇಣದಬತ್ತಿ ಹಚ್ಚಬೇಕಾದ ಕೇಕ್. ಆದ್ದರಿಂದ ಆರ್ಡರ್ ಬರೆದುಕೊಳ್ಳುವಾಗಲೇ ‘ಮಧ್ಯಾಹ್ನ ಮೂರರೊಳಗೆ ಕೊಡುತ್ತೇವೆ, ಫ್ರಿಜ್‌ನಲ್ಲಿಡಿ’ ಎಂದು ಒಪ್ಪಿಸಿಕೊಳ್ಳಿ. ಮುಂಚಿತವಾಗಿ ಹೇಳಿದರೆ ಗಿರಾಕಿಗಳು ತಕರಾರು ಮಾಡುವುದಿಲ್ಲ. ಸಂಜೆ ಆರಕ್ಕೆ ಫೋನ್ ಮಾಡಿ ತಡವಾಗುತ್ತದೆ ಎಂದರೆ ಬೈಯುತ್ತಾರೆ, ಬೈಯಬೇಕಾದ್ದೇ.

ಶನಿವಾರ, ಭಾನುವಾರಗಳ ಮೂರೂವರೆಯ ಪಂದ್ಯ ಬೇರೆಯೇ ಲೆಕ್ಕ. ಅದು ಬಿಡುವುದು ಏಳರ ಸುಮಾರಿಗೆ, ನಿಮ್ಮ ಬೀದಿಗೆ ವಾರಾಂತ್ಯದ ಜನ ನುಗ್ಗುವ ಹೊತ್ತಿಗೆ ಸರಿಯಾಗಿ. ಆ ಸಂಜೆ ಮನೆಗೆ ತಲುಪಿಸುವ ಆರ್ಡರ್ ಹಿಡಿಯಲೇಬೇಡಿ. ಅಂಗಡಿಯಲ್ಲೇ ಪೇಸ್ಟ್ರಿ, ಪಫ್ಸ್ ಮಾರಿ. ಹಸಿದವರು ತಾವಾಗಿಯೇ ಬರುತ್ತಾರೆ.

ಶಿವಾಜಿನಗರದ ದರ್ಶಿನಿಯವರು: ಹಾಲು, ಮೊಟ್ಟೆ, ಸಿಲಿಂಡರ್ ಎಲ್ಲವನ್ನೂ ಬೆಳಿಗ್ಗೆಯೇ ಇಳಿಸಿಕೊಳ್ಳಿ. ಇನ್ನೊಂದು ವಿಷಯ, ಇದನ್ನು ಯಾರೂ ಹೇಳುವುದಿಲ್ಲ: ಸಾವಿರಾರು ಜನ ಒಟ್ಟಿಗೆ ಮೊಬೈಲ್ ಹಿಡಿದು ನಿಂತಾಗ ನೆಟ್‌ವರ್ಕ್ ಸತ್ತುಹೋಗುತ್ತದೆ. ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡಿ, ತಿರುಗುವ ಚಕ್ರವನ್ನು ನೋಡುತ್ತ ನಿಂತಿರುತ್ತಾನೆ, ಹಿಂದೆ ಸಾಲು ಬೆಳೆಯುತ್ತದೆ. ಅಂಗಡಿಯ ವೈಫೈ ಪಾಸ್‌ವರ್ಡ್ ಗಲ್ಲಾದ ಮುಂದೆ ಅಂಟಿಸಿ. ಹತ್ತು, ಇಪ್ಪತ್ತರ ಚಿಲ್ಲರೆ ಇಟ್ಟುಕೊಳ್ಳಿ.

ಕಸ್ತೂರಬಾ ರಸ್ತೆಯ ಲೆಕ್ಕಪತ್ರ ಕಚೇರಿಯವರು: ಮುದ್ರಣದವರ ಮಾತು ಪಂದ್ಯದ ದಿನಕ್ಕೆ ಸರಿ, ಆದರೆ ಪಟ್ಟಿಯಲ್ಲಿಲ್ಲದ ದಿನಗಳಿಗೂ ಒಂದು ಯೋಜನೆ ಬೇಕು. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಸಲ ಕಪ್ ಗೆದ್ದದ್ದು ಅಹಮದಾಬಾದಿನಲ್ಲಿ. ಮರುದಿನ ಬುಧವಾರ ಇಲ್ಲಿ ಯಾವ ಪಂದ್ಯವೂ ಇರಲಿಲ್ಲ. ವಿಜಯೋತ್ಸವಕ್ಕೆ ಸೇರಿದ ಜನಸಾಗರದಲ್ಲಿ ಕ್ರೀಡಾಂಗಣದ ಬಳಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಮೆಟ್ರೊ ರೈಲುಗಳು ಕಬ್ಬನ್ ಪಾರ್ಕ್, ವಿಧಾನಸೌಧ ನಿಲ್ದಾಣಗಳಲ್ಲಿ ನಿಲ್ಲದೆ ಮುಂದೆ ಹೋದವು. ಅಂಥ ದಿನ ವ್ಯಾಪಾರದ ಮಾತೇ ಬೇಡ. ಮಧ್ಯಾಹ್ನವೇ ಹುಡುಗರನ್ನು ಮನೆಗೆ ಕಳುಹಿಸಿ. ತಡವಾಯಿತೋ, ಶಟರ್ ಅರ್ಧ ಇಳಿಸಿ ಜನ ಕರಗುವವರೆಗೆ ಒಳಗೇ ಕೂರಿಸಿಕೊಳ್ಳಿ. ರಾತ್ರಿ ಊಟ ನಿಮ್ಮದೇ ಖರ್ಚು.

ಉಳಿದ ದಿನಗಳಲ್ಲೂ ಒಂದೇ ನಿಲ್ದಾಣವನ್ನು ನಂಬಬೇಡಿ. ಪಂದ್ಯ ಬಿಟ್ಟ ಮೇಲೆ ಕೆಂಗೇರಿಗೆ ಹೋಗುವವರು ಎಂ.ಜಿ. ರಸ್ತೆ ನಿಲ್ದಾಣದಲ್ಲಿ ಒದ್ದಾಡುವ ಬದಲು ಹಿಂದಕ್ಕೆ ಟ್ರಿನಿಟಿಯವರೆಗೆ ನಡೆಯಲಿ. ವೈಟ್‌ಫೀಲ್ಡ್ ಕಡೆಯಿಂದ ಬರುವ ರೈಲು ಅಲ್ಲಿಗೆ ಬರುವಾಗ ಕ್ರೀಡಾಂಗಣದ ಜನ ಇನ್ನೂ ಹತ್ತಿರುವುದಿಲ್ಲ, ಕಾಲಿಡಲಾದರೂ ಜಾಗ ಸಿಗುತ್ತದೆ. ಕೆ.ಆರ್. ಪುರದವರಿಗೆ ಈ ಉಪಾಯ ನಡೆಯುವುದಿಲ್ಲ. ಅವರನ್ನು ಹತ್ತಕ್ಕೇ ಬಿಟ್ಟುಬಿಡಿ. ಪಂದ್ಯದ ರಾತ್ರಿ ಕೊನೆಯ ರೈಲಿನ ಸಮಯವನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ, ಪ್ರಕಟಣೆ ನೋಡಿಕೊಳ್ಳಿ.

ಕೇಳಿದವರು: ತುಂಬಾ ಉಪಕಾರವಾಯಿತು. ಕೇಕ್ ಒಯ್ಯುವ ಬೈಕ್ ಎಲ್ಲಿ ನಿಲ್ಲಿಸುವುದು?

ಮುದ್ರಣ ಮಳಿಗೆಯವರು: ಎಂ.ಜಿ. ರಸ್ತೆ, ಕಬ್ಬನ್ ರಸ್ತೆ, ಕಸ್ತೂರಬಾ ರಸ್ತೆ, ನಮ್ಮ ಕ್ವೀನ್ಸ್ ರಸ್ತೆ ಇಲ್ಲೆಲ್ಲ ಅಂದು ಬಿಟ್ಟರೆ ಎತ್ತಿಕೊಂಡು ಹೋಗುತ್ತಾರೆ. ವಾಹನ ನಿಲುಗಡೆ ನಿಷೇಧದ ಪಟ್ಟಿಯನ್ನು ಸಂಚಾರ ಪೊಲೀಸರು ಮುಂಚಿತವಾಗಿ ಹೊರಡಿಸುತ್ತಾರೆ, ಪ್ರತಿ ಪಂದ್ಯಕ್ಕೂ ಹೊಸದಾಗಿ ಓದಿ. ಕಟ್ಟಡದ ಮಾಲೀಕರನ್ನು ಕೇಳಿ ಒಳಗೆ ಒಂದು ಬೈಕಿನ ಜಾಗ ಮಾಡಿಕೊಂಡರೆ ನಿಶ್ಚಿಂತೆ. ಹೊರಡುವಾಗ ಎಂ.ಜಿ. ರಸ್ತೆಗೆ ಬರದೆ ರೆಸಿಡೆನ್ಸಿ ರಸ್ತೆಯ ಕಡೆಗೆ ಇಳಿಯಲಿ.