ಕಾರ್ ಲೈಸೆನ್ಸ್ ಇದ್ದರೆ ಸ್ಕೂಟರ್ ಓಡಿಸಬಹುದಾ? ಡ್ರೈವಿಂಗ್ ಮೇಷ್ಟರಿಗೆ ಗುಂಪಿನ ಪ್ರಶ್ನೆಗಳು

ಪ್ರಶ್ನೆ (ಕುವೆಂಪುನಗರ, ಮೈಸೂರು): ಸರ್, ನಾನು ಕಾರು ಓಡಿಸೋಕೆ ಶುರು ಮಾಡಿ ಬಹಳ ವರ್ಷ ಆಯ್ತು. ಮಗಳು ಕಾಲೇಜಿಗೆ ಹೋಗೋಕೆ ಅಂತ ತಗೊಂಡ ಆಕ್ಟಿವಾ ಈಗ ಮನೇಲಿ ಸುಮ್ಮನೆ ನಿಂತಿದೆ, ಅವಳು ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಳೆ. ದೇವರಾಜ ಮಾರುಕಟ್ಟೆ ಕಡೆ ಹೋದ್ರೆ ಕಾರು ನಿಲ್ಲಿಸೋಕೆ ಜಾಗ ಸಿಗಲ್ಲ, ಇನ್ಮೇಲೆ ಸ್ಕೂಟರಲ್ಲೇ ಹೋಗೋಣ ಅಂತಿದೀನಿ. ಕಾರಿನ ಲೈಸೆನ್ಸ್ ದೊಡ್ಡ ಗಾಡೀದು, ಸ್ಕೂಟರ್ ಅದರೊಳಗೇ ಬಂತು ಅಂತ ಮನೆಯಲ್ಲಿ ಹೇಳ್ತಾರೆ. ಹೌದಾ?

ಉತ್ತರ: ಇಲ್ಲ ಸರ್, ಬರಲ್ಲ. 1988ರ ಮೋಟಾರು ವಾಹನ ಕಾಯ್ದೆಯ 10ನೇ ಕಲಂನಲ್ಲಿ ಗೇರ್ ಇಲ್ಲದ ಮೋಟಾರ್ ಸೈಕಲ್, ಗೇರ್ ಇರೋ ಮೋಟಾರ್ ಸೈಕಲ್, ಲಘು ಮೋಟಾರು ವಾಹನ ಅಂತ ಒಂದೊಂದೂ ಬೇರೆ ಬೇರೆ ವರ್ಗ. ಕಾರು ಮೂರನೆಯದಕ್ಕೆ ಸೇರುತ್ತೆ. ದೊಡ್ಡದರೊಳಗೆ ಚಿಕ್ಕದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ನಿಮ್ಮ ಕಾರ್ಡನ್ನೇ ಒಮ್ಮೆ ನೋಡಿ. ವಾಹನದ ವರ್ಗ ಅಂತ ಇರೋ ಕಡೆ ಸಣ್ಣ ಅಕ್ಷರದಲ್ಲಿ ಎಲ್‌ಎಂವಿ (ಲಘು ಮೋಟಾರು ವಾಹನ) ಅಂತ, ಪಕ್ಕದಲ್ಲೇ ಕೊಟ್ಟ ದಿನಾಂಕ ಇರುತ್ತೆ. ಅದರ ಜೊತೆ ಎಂಸಿಡಬ್ಲ್ಯೂಜಿ (ಗೇರ್ ಇರೋ ಮೋಟಾರ್ ಸೈಕಲ್) ಅಂತ ಇನ್ನೊಂದು ಸಾಲಿದ್ದರೆ ನಿಮಗೆ ಯಾವ ಚಿಂತೆಯೂ ಇಲ್ಲ, ಎರಡನ್ನೂ ಒಟ್ಟಿಗೆ ಮಾಡಿಸಿಕೊಂಡವರು ಬಹಳ ಜನ ಇದಾರೆ. ಎಲ್‌ಎಂವಿ ಒಂದೇ ಇದ್ದರೆ, ರಸ್ತೆಯಲ್ಲಿ ಸ್ಕೂಟರ್ ಮೇಲೆ ಕೂತಾಗ ನೀವು ಲೈಸೆನ್ಸ್ ಇಲ್ಲದ ಸವಾರ. ಹಳೇ ಪುಸ್ತಕದ ಲೈಸೆನ್ಸನ್ನು ಕಾರ್ಡಿಗೆ ಬದಲಾಯಿಸಿಕೊಂಡವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕದಲ್ಲಿದ್ದ ವರ್ಗ ಕಾರ್ಡಲ್ಲಿ ಬಿಟ್ಟುಹೋಗಿದ್ದರೆ ಪುಸ್ತಕವೇ ಸಾಕ್ಷಿ. ಅದನ್ನು ಎಸೆಯದೆ ಆರ್‌ಟಿಒಗೆ ತಗೊಂಡು ಹೋಗಿ.

ಪ್ರಶ್ನೆ (ವಿಜಯನಗರ, ಮೈಸೂರು): ಗೇರ್ ಇಲ್ಲದ್ದು, ಗೇರ್ ಇರೋದು, ಯಾವುದಕ್ಕೆ ಹಾಕಬೇಕು? ಎಲೆಕ್ಟ್ರಿಕ್ ಸ್ಕೂಟರಿಗೆ ಲೈಸೆನ್ಸೇ ಬೇಡ ಅಂತಾರಲ್ಲ?

ಉತ್ತರ: ಗೇರ್ ಬೈಕಲ್ಲಿ ಪರೀಕ್ಷೆ ಕೊಟ್ಟರೆ ಗೇರ್‌ಲೆಸ್ ಸ್ಕೂಟರನ್ನೂ ಓಡಿಸಬಹುದು. ಸ್ಕೂಟರಲ್ಲಿ ಕೊಟ್ಟರೆ ಸ್ಕೂಟರ್ ಮಾತ್ರ. ಮೈ ಗಟ್ಟಿಯಿರೋರು ಗೇರ್ ವರ್ಗಕ್ಕೇ ಹಾಕಿ. ಮಂಡಿ ನೋವು, ವಯಸ್ಸು ಅಂತ ಅಳುಕಿದ್ದರೆ ಸ್ಕೂಟರ್ ವರ್ಗವೇ ಸಾಕು, ಅದರಲ್ಲಿ ಕಡಿಮೆ ಅನ್ನೋದೇನಿಲ್ಲ.

ಎಲೆಕ್ಟ್ರಿಕ್‌ನಲ್ಲಿ ಮೋಟಾರು 250 ವ್ಯಾಟ್‌ಗಿಂತ ಕಡಿಮೆಯಿದ್ದು, ವೇಗವೂ ಗಂಟೆಗೆ 25 ಕಿ.ಮೀ. ದಾಟದ ಗಾಡಿಗೆ ಮಾತ್ರ ವಿನಾಯಿತಿ. ನಂಬರ್ ಪ್ಲೇಟ್ ಇರೋ ಎಲೆಕ್ಟ್ರಿಕ್ ಸ್ಕೂಟರಿಗೆಲ್ಲ ಲೈಸೆನ್ಸ್ ಬೇಕು.

ಮೊದಲ ಪ್ರಶ್ನೆ ಕೇಳಿದವರು: ಸರ್, ಹತ್ತಿರದ ಅಂಗಡಿಗೆ ಹೋಗಿಬರೋದಷ್ಟೇ. ಹಿಡಿದರೆ ದಂಡ ಕಟ್ಟಿದರಾಯ್ತು ಅಲ್ವಾ?

ಉತ್ತರ: ದಂಡದ ಮಾತು ಬಿಡಿ. ಅದು ಕಾಯ್ದೆಯ 181ನೇ ಕಲಂ ಪ್ರಕಾರ 5,000 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಸ್ಥಳದಲ್ಲೇ ಕಟ್ಟಿಸಿಕೊಳ್ಳೋ ಮೊತ್ತವನ್ನು ರಾಜ್ಯ ಸರ್ಕಾರ ನಿಗದಿ ಮಾಡುತ್ತೆ. ನನಗೆ ನಿಜವಾಗಿ ಭಯ ಇರೋದು ಅಪಘಾತ ಆದ ದಿನದ ಬಗ್ಗೆ.

ಗಾಡಿ ನಿಮ್ಮ ಮಗಳ ಹೆಸರಲ್ಲಿದೆ. ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕರ ಮೇಲೆ 180ನೇ ಕಲಂ ಇದೆ, ಅದರಲ್ಲೂ ಶಿಕ್ಷೆ ಇಷ್ಟೇ. ಅಂದರೆ ಓಡಿಸಿದ್ದು ನೀವು, ಕೇಸು ಬೆಂಗಳೂರಲ್ಲಿರೋ ಅವಳ ಮೇಲೂ ಬರಬಹುದು. ಯಾರಿಗಾದರೂ ಪೆಟ್ಟಾಯ್ತು ಅಂದುಕೊಳ್ಳಿ. ಇಂಥ ಕಡೆ ಕೋರ್ಟು, ಮೊದಲು ವಿಮಾ ಕಂಪನಿಯೇ ಪೆಟ್ಟಾದವರಿಗೆ ಪರಿಹಾರ ಕೊಡಲಿ, ಆಮೇಲೆ ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಅಂತ ಆದೇಶ ಮಾಡಬಹುದು. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ವಿವರವಾಗಿ ಹೇಳಿದೆ. ಹಾಗಾದರೆ ಲಕ್ಷಗಟ್ಟಲೆ ವಸೂಲಿ ನೋಟಿಸು ಬರೋದು ಮಗಳ ಹೆಸರಿಗೆ.

ಇನ್ನು ನಿಮಗೇ ಏನಾದರೂ ಆದರೆ? ಪಾಲಿಸಿಯಲ್ಲಿರೋ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕ-ಚಾಲಕರಿಗೆ ಮಾತ್ರ. ನೀವು ಮಾಲೀಕರಲ್ಲ. ನಾಳೆ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಂಡರೂ ಆ ವರ್ಗದ ಲೈಸೆನ್ಸ್ ಇಲ್ಲದೆ ಅದು ಸಿಗಲ್ಲ. ದಯವಿಟ್ಟು ಹತ್ತಿರದ ಅಂಗಡಿ ಅಂತ ಲೆಕ್ಕ ಹಾಕಬೇಡಿ. ಲೈಸೆನ್ಸ್ ಆಗೋವರೆಗೆ ಕೀ ಬೀರುವಲ್ಲಿರಲಿ.

ಪ್ರಶ್ನೆ (ಮದ್ದೂರು): ಎಲ್‌ಎಂವಿ ಇದ್ದರೆ ಬೇರೆ ಗಾಡೀನೂ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆಯಲ್ಲ ಸಾ? ನಮ್ಮ ಟೆಂಪೋ ಸ್ಟ್ಯಾಂಡಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ.

ಉತ್ತರ: ತೀರ್ಪು ಬಂದಿರೋದು ನಿಜ, 2024ರ ನವೆಂಬರ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಕೊಟ್ಟಿದ್ದು. ಅದು ಹೇಳಿರೋದು ಒಟ್ಟು ತೂಕ 7,500 ಕೆ.ಜಿ. ಒಳಗಿನ ಸಾರಿಗೆ ವಾಹನದ ಬಗ್ಗೆ. ನಿಮ್ಮ ಟೆಂಪೋಗೆ ಅದು ಅನುಕೂಲ. ದ್ವಿಚಕ್ರ ವಾಹನಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ (ಮಂಡ್ಯ): ಹಾಗಾದ್ರೆ ಮೊದಲಿಂದ ಎಲ್ಲಾ ಮಾಡಿಸಬೇಕಾ? ಮಂಡ್ಯದಲ್ಲೇ ಆಗಬೇಕಾ, ಮೈಸೂರಲ್ಲಿ ಆಗುತ್ತಾ?

ಉತ್ತರ: ಇರೋ ಲೈಸೆನ್ಸಿಗೇ ಹೊಸ ವರ್ಗ ಸೇರಿಸೋದು, ಅಷ್ಟೇ. ಲೈಸೆನ್ಸ್ ಕೆಲಸಕ್ಕಿರೋ ಸರ್ಕಾರದ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ದ್ವಿಚಕ್ರಕ್ಕೆ ಎಲ್‌ಎಲ್, ಅಂದ್ರೆ ಕಲಿಯೋರ ಲೈಸೆನ್ಸಿಗೆ ಅರ್ಜಿ ಹಾಕಿ. ಚಾಲ್ತಿಯಲ್ಲಿರೋ ಡಿಎಲ್ ಇದ್ದವರಿಗೆ ಎಲ್‌ಎಲ್‌ನ ಪ್ರಶ್ನೆ ಪರೀಕ್ಷೆಯಿಂದ ವಿನಾಯಿತಿ ಇದೆ. ಎಲ್‌ಎಲ್ ಆರು ತಿಂಗಳು ನಡೆಯುತ್ತೆ, ಮೂವತ್ತು ದಿನ ಕಳೆದ ಮೇಲೆ ರಸ್ತೆ ಪರೀಕ್ಷೆಗೆ ದಿನ ತಗೋಬಹುದು. ಕೇಂದ್ರದ ನಿಯಮದ ದರ ಎಲ್‌ಎಲ್‌ಗೆ 150, ಪರೀಕ್ಷೆಗೆ 300, ವರ್ಗ ಸೇರಿಸೋಕೆ 500 ರೂಪಾಯಿ. ಕಾರ್ಡಿನದು ಬೇರೆ. 2019ರ ತಿದ್ದುಪಡಿ ಆದ ಮೇಲೆ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಅರ್ಜಿ ಹಾಕಬಹುದು. ಆದರೂ ಮನೆಗೆ ಹತ್ತಿರದ್ದೇ ಒಳ್ಳೇದು. ಪರೀಕ್ಷೆಗೆ ಗಾಡಿ ನೀವೇ ತರಬೇಕು, ಅದರ ಆರ್‌ಸಿ, ವಿಮೆ, ಹೊಗೆ ತಪಾಸಣೆ ಚೀಟಿ ಎಲ್ಲ ಚಾಲ್ತಿಯಲ್ಲಿರಬೇಕು.

ಎಲ್‌ಎಲ್ ಅವಧಿಯಲ್ಲಿ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಇರಲೇಬೇಕು, ಆ ಫಲಕ 18 ಸೆಂ.ಮೀ. ಚೌಕಕ್ಕಿಂತ ಚಿಕ್ಕದಾಗಬಾರದು. ಹಿಂದೆ ಕೂರಿಸೋದಾದರೆ ಕಲಿಸಿಕೊಡೋ, ಲೈಸೆನ್ಸ್ ಇರೋ ವ್ಯಕ್ತಿಯನ್ನು ಮಾತ್ರ. ಮಗುವನ್ನು ಸ್ಕೂಲಿಗೆ ಬಿಟ್ಟು ಬರೋಕೆ ಎಲ್‌ಎಲ್ ಸಾಕು ಅಂದುಕೊಳ್ಳೋರು ತುಂಬಾ ಜನ. ಸಾಲದು.

ಪ್ರಶ್ನೆ (ಹೆಬ್ಬಾಳ, ಮೈಸೂರು): ಕಾರು ಚೆನ್ನಾಗಿ ಬರುತ್ತೆ. ಬೈಕ್ ಟೆಸ್ಟ್‌ಗೆ ಅಂತ ಪ್ರತ್ಯೇಕ ಕಲಿಯೋದು ಏನಿರುತ್ತೆ?

ಉತ್ತರ: ಬೇಕಾದಷ್ಟಿದೆ ಅಮ್ಮ. ಕಾರಲ್ಲಿ ಕ್ಲಚ್ ಎಡಗಾಲಲ್ಲಿ. ಬೈಕಲ್ಲಿ ಅದು ಎಡಗೈಗೆ ಬರುತ್ತೆ, ಎಡಗಾಲಿಗೆ ಗೇರ್ ಸಿಗುತ್ತೆ. ಗಾಬರಿಯಾದಾಗ ಕಾರು ಓಡಿಸಿ ಅಭ್ಯಾಸವಾದವರ ಎಡಗಾಲು ತಾನಾಗೇ ಕೆಳಗೆ ಒತ್ತಿಬಿಡುತ್ತೆ, ಗೇರ್ ಇಳಿದು ಗಾಡಿ ಜಗ್ಗುತ್ತೆ. ಇದನ್ನು ನಾನು ನಮ್ಮ ಮೈದಾನದಲ್ಲಿ ಮತ್ತೆ ಮತ್ತೆ ನೋಡ್ತಿರ್ತೀನಿ.

ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಗಾಡಿ ತಿರುಗಿಸೋದರಲ್ಲೂ ಅಷ್ಟೇ. ಹ್ಯಾಂಡಲ್ ಪೂರ್ತಿ ತಿರುಗಿರೋವಾಗ ಬಲಗೈಯಿಂದ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನಿಂತಲ್ಲೇ ಪಕ್ಕಕ್ಕೆ ಮಲಗುತ್ತೆ. ಬಲಗೈ ಬೆರಳು ಬ್ರೇಕ್ ಮೇಲಿಂದ ತೆಗೆದುಬಿಡಿ. ಮೊದಲನೇ ಗೇರ್, ಅರ್ಧ ಕ್ಲಚ್, ವೇಗ ಜಾಸ್ತಿ ಅನ್ನಿಸಿದರೆ ಬಲಗಾಲಲ್ಲಿ ಹಿಂದಿನ ಬ್ರೇಕ್ ಹಗುರವಾಗಿ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ಮುಂದೆ ತಿರುಗಬೇಕಾದ ಕಡೆ ಇರಲಿ. ಕತ್ತು ತಿರುಗಿದ ಕಡೆಗೇ ಗಾಡಿ ಹೋಗುತ್ತೆ. ಕಾಲು ನೆಲಕ್ಕೆ ಇಡಬೇಡಿ.

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ಮಗ ಇಂಗ್ಲೆಂಡಲ್ಲಿ ಓದೋಕೆ ಹೋಗ್ತಿದಾನೆ. ಅಲ್ಲಿ ಕಾರ್ ಲೈಸೆನ್ಸಲ್ಲೇ ಸಣ್ಣ ಬೈಕ್ ಓಡಿಸಬಹುದಂತೆ. ಅವನ ಹತ್ತಿರ ಎಲ್‌ಎಂವಿ ಮಾತ್ರ ಇದೆ.

ಉತ್ತರ: ಅದು ಬ್ರಿಟನ್ನಿನ ಲೈಸೆನ್ಸ್ ಇರೋರಿಗೆ. 2001ರ ಫೆಬ್ರವರಿ 1ಕ್ಕಿಂತ ಮುಂಚೆ ಅಲ್ಲಿ ಕಾರ್ ಪರೀಕ್ಷೆ ಪಾಸಾದವರು 50 ಸಿಸಿ ಮೊಪೆಡ್ಡನ್ನು ನೇರವಾಗಿ ಓಡಿಸಬಹುದು. ಆಮೇಲಿನವರು ಸಿಬಿಟಿ ಅನ್ನೋ ತರಬೇತಿ ಮುಗಿಸಬೇಕು. ಅದನ್ನು ಮುಗಿಸಿದರೆ ಎಲ್ ಬೋರ್ಡ್ ಹಾಕಿಕೊಂಡು 125 ಸಿಸಿವರೆಗೆ ಎರಡು ವರ್ಷ ಓಡಿಸಬಹುದು.

ನಿಮ್ಮ ಮಗನಿಗೆ ಅಲ್ಲಿ ಭಾರತದ ಲೈಸೆನ್ಸ್ 12 ತಿಂಗಳು ನಡೆಯುತ್ತೆ, ಆದರೆ ಅದರಲ್ಲಿ ನಮೂದಾಗಿರೋ ವಾಹನಕ್ಕೆ ಮಾತ್ರ. ಬೈಕ್ ಆಸೆ ಇದ್ದರೆ ಹೊರಡೋಕೆ ಮುಂಚೆ ಇಲ್ಲೇ ಗೇರ್ ವರ್ಗ ಸೇರಿಸಿಕೊಳ್ಳಲಿ. ಎಲ್‌ಎಲ್‌ನ ಮೂವತ್ತು ದಿನ ಲೆಕ್ಕಕ್ಕಿಟ್ಟುಕೊಂಡು ಈಗಲೇ ಅರ್ಜಿ ಹಾಕಿಸಿ.

ಪ್ರಶ್ನೆ (ಶ್ರೀರಂಗಪಟ್ಟಣ): ಲೈಸೆನ್ಸ್ ಆದ ಮೇಲೆ ದಶಪಥದಲ್ಲಿ ಮಂಡ್ಯಕ್ಕೆ ಬೈಕಲ್ಲಿ ಓಡಾಡಬಹುದು ತಾನೆ?

ಉತ್ತರ: ಮುಖ್ಯ ಪಥಕ್ಕೆ ಹತ್ತಬೇಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ನಿಷೇಧ ಇದೆ, ಸರ್ವಿಸ್ ರಸ್ತೆಯೇ ಗತಿ. ಕಾರಲ್ಲಿ ಸಲೀಸಾಗಿ ಹೋಗಿ ರೂಢಿಯಾದವರು ಅದೇ ಜ್ಞಾನದಲ್ಲಿ ಬೈಕ್ ತಿರುಗಿಸಿಬಿಡ್ತಾರೆ.

ಹಳ್ಳಿ ದಾರಿ ಹಿಡಿದರೆ ಸುಗ್ಗಿ ಕಾಲದಲ್ಲಿ ಹುಷಾರು. ರಾಗಿ, ಹುರುಳಿ ಒಕ್ಕೋಕೆ ರಸ್ತೆ ಮೇಲೇ ಹರಡಿರ್ತಾರೆ. ಕಾರಿನೊಳಗೆ ಗೊತ್ತೂ ಆಗದ ಆ ಹುಲ್ಲು ಬೈಕಿನ ಚಕ್ರಕ್ಕೆ ಸಿಕ್ಕಿದರೆ ಜಾರುತ್ತೆ. ದೂರದಿಂದಲೇ ವೇಗ ಇಳಿಸಿ, ಅದರ ಮೇಲೆ ಬ್ರೇಕ್ ಹಿಡಿಯದೆ, ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟಿ. ಕತ್ತಲಾದ ಮೇಲೆ ಹಿಂದೆ ದೀಪ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಇರುತ್ತೆ ಅಂತಲೇ ಅಂದುಕೊಂಡು ಓಡಿಸಿ.