ಎರಿ ಭೂಮ್ಯಾಗ ಕಟ್ಟಿಗಿ ಡೆಕ್ಕು, ಕುಲುಮ್ಯಾಗ ಬಡದ ರೇಲಿಂಗು

ತಮ್ಮಾ, ತಾಳಿಕೋಟಿ ಮನಿ ಹಿತ್ತಲದಾಗ 12 ಫೂಟು ಉದ್ದ, 10 ಫೂಟು ಅಗಲ ಡೆಕ್, ಅಂದ್ರ ಕಟ್ಟಿಗಿ ಹಲಗಿ ಜಗಲಿ, ಮಾಡತೀನಿ, ರೇಲಿಂಗ ಕಂಬಾರ ಕಾಕಾನ ಕಡೆ ಬಡಿಸತೀನಿ, ಯಾವ ಹತ್ಯಾರ ತಗೋಳ್ಳಿ ಅಂತ ಕೇಳಿದೀಯಲ್ಲ, ಬರಕೋತ ಕುಂತರ ಮುಗಿಯೂದಿಲ್ಲ, ಮಾತಾಡೇ ಹೇಳತೀನಿ.

ಹತ್ಯಾರಕಿಂತ ಮೊದಲ ನೆಲ ನೋಡು. ಡೋಣಿ ಹೊಳಿ ಸಾಲಿನ ಎರಿ, ಕರೇ ಮಣ್ಣ ಅದು, ಮಳಿಗಾಲದಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರುಕ ಬಿಡತೈತಿ. ಎರಡ ಫೂಟು ತಗ್ಗ ತಗದು ಕಾಂಕ್ರೀಟ್ ಹಾಕಿದರ ಒಂದ ಕಂಬ ಏಳತೈತಿ, ಇನ್ನೊಂದ ಇಳೀತೈತಿ, ಚೌಕಟ್ಟ ತಿರಚಿ ರೇಲಿಂಗಿನ ಬೆಸಿಗಿ ಬಿಡತೈತಿ. ಎರಿ ದಾಟಿ ಗರಸು, ಅಂದ್ರ ಗಟ್ಟಿ ಮುರಮ್ ಮಣ್ಣು, ಹತ್ತೂತನಾ ತೋಡಸು. ಐದ ಫೂಟಿಗೂ ಹತ್ತಲಿಲ್ಲಂದ್ರ ಆಳ ಇಳಿಸಬ್ಯಾಡ, ತಗ್ಗಿನ ಗ್ವಾಡಿ ಮೈಮ್ಯಾಲ ಕುಸೀತೈತಿ. ಅಲ್ಲಿ ಬುಡ ಅಗಲಿರೂ ಅಂಡರ್ ರೀಮ್ ಪೈಲು ಬೇಕಾಗತೈತಿ, ಇಂಜಿನಿಯರ್‌ಗೆ ತೋರಸು. ತಗದ ಎರಿನ್ನ ತಿರಗಿ ತುಂಬಬ್ಯಾಡ, ಗರಸು ಹಾಕಿ ದಿಮ್ಮಸ ಹೊಡಸು. ಡೆಕ್ಕನ್ನ ಮನಿ ಗ್ವಾಡಿಗೆ ಬೋಲ್ಟ್ ಹಾಕಿ ಕಟ್ಟಬ್ಯಾಡ. ಮನಿ ಪಾಯ ಬ್ಯಾರೆ, ಇದರ ಪಾಯ ಬ್ಯಾರೆ, ಎರಡೂ ಒಂದ ಸಮ ಅಲುಗೂದಿಲ್ಲ. ಒಂದ ಇಂಚು ಸಂದು ಇರಲಿ.

ಚೌಕಟ್ಟಿಗೆ ಒಂಬತ್ತ ಕಂಬ, ಮೂರ ಸಾಲು. ಮ್ಯಾಲ ಉದ್ದಕ್ಕ 100×50 ಮಿಮೀ ಬಾಕ್ಸ್ ಪೈಪ್, ದಪ್ಪ 3 ಮಿಮೀ. ಅದರ ಮ್ಯಾಲ ಅಡ್ಡ 50×50, 16 ಇಂಚಿಗೊಂದರಂಗ ಹತ್ತ ಪೈಪು. ಪೈಪಿನ ಬಾಯಿ ತಗಡ ಹಚ್ಚಿ ಮುಚ್ಚಸು, ಇಲ್ಲಂದ್ರ ಒಳಗಿಂದ ತುಕ್ಕ ತಿಂತೈತಿ. ಹಲಗಿ ಸಾಗವಾನಿದು, 28 ಮಿಮೀ ದಪ್ಪ, ನಾಕ ಇಂಚು ಅಗಲ. 6 ಮಿಮೀ ಸಂದು ಬಿಟ್ಟರ 29 ಹಲಗಿ ಬೇಕು, ಕಡೀ ಹಲಗಿನ್ನ ಅಗಲದಾಗ ಸೀಳಿ ಕೂಡಸಬೇಕಾಗತೈತಿ. ಸ್ಕ್ರೂ ಸ್ಟೇನ್‌ಲೆಸ್ಸೇ ಬೇಕು, ಸಾದಾ ಕಬ್ಬಿಣದ್ದು ಹಾಕಿದರ ಮಳಿ ಬಿದ್ದ ಮ್ಯಾಲ ಸ್ಕ್ರೂ ಸುತ್ತ ಕಟ್ಟಿಗಿ ಮ್ಯಾಲ ಕರೇ ಕಲಿ ಏಳತೈತಿ. 29 ಹಲಗಿ, ಹತ್ತ ಪೈಪು, ಕೂಡಿದಲ್ಲೆಲ್ಲ ಎರಡೆರಡು, ಅಂದ್ರ 580. 650 ತರಸು, ಒಂದಿಷ್ಟ ಮುರೀತಾವ.

ಈಗ ರೇಲಿಂಗ. ಇದು ನೋಡಾಕ ಚಂದ ಇದ್ದರ ಸಾಲೂದಿಲ್ಲ, ಮಕ್ಕಳು ಆತುಕೊಂಡು ನಿಲ್ಲೂ ಜಾಗಾ. ಎತ್ತರ 42 ಇಂಚು ಇಡು. ಲೆಕ್ಕಾ ಹಾಕು: ಮ್ಯಾಲಿನ ತುದಿಗೆ ಒಬ್ಬ 40 ಕೆಜಿ ಜೋರಲೆ ಒತ್ತಿದ, ಬುಡದಾಗ ಎರಡ ಬೋಲ್ಟಿನ ನಡುವ ನಾಕ ಇಂಚು ಅಂತರ ಐತಿ ಅಂದ್ರ, ಬೋಲ್ಟಿಗೆ ಹತ್ತಪಟ್ಟಿಗಿಂತ ಹೆಚ್ಚು, 420 ಕೆಜಿ ಜಗ್ಗ ಬೀಳತೈತಿ. ಅದಕ್ಕ ಕಂಬನ್ನ ಹಲಗಿಗೆ ಕೂಡಸಬ್ಯಾಡ. 10 ಮಿಮೀ ಪ್ಲೇಟ್, 12 ಮಿಮೀ ಬೋಲ್ಟ್, ನೇರ ಕಬ್ಬಿಣದ ಚೌಕಟ್ಟಿಗೆ, ಆ ಪೈಪಿನೊಳಗ ಬುಶ್, ಅಂದ್ರ ಬೋಲ್ಟ್ ತೂರೂ ಸಣ್ಣ ನಳಿಗಿ ತುಂಡ, ಕೂಡಸಿ. ಬುಶ್ ಇಲ್ಲಂದ್ರ ಬಿಗಿ ಮಾಡಿದಂಗ ಪೈಪ್ ಚಪ್ಪಟಿ ಆಗತೈತಿ.

ಸರಳಿನ ಸಂದು 100 ಮಿಮೀ ದಾಟಬಾರದು, ಕೂಸಿನ ತಲಿ ತೂರಬಾರದು. ಐದೈದ ಫೂಟಿಗೆ 40 ಮಿಮೀ ಕಂಬ ನಿಲ್ಲಿಸಿದರ ನಡುವ ಸುಮಾರು 1480 ಮಿಮೀ ಸಿಗತೈತಿ. 12 ಮಿಮೀ ಚೌಕ ಸರಳ 12 ಹಾಕಿದರ ಸಂದು 102 ದಾಟತೈತಿ. 13 ಹಾಕು, 94ರ ಮ್ಯಾಲ ನಿಲ್ಲತೈತಿ. ಮೀಟರಿಗೆ 1.13 ಕೆಜಿ ತೂಗತೈತಿ, ಅದರ ಮ್ಯಾಲ ಕಬ್ಬಿಣ ಲೆಕ್ಕಾ ಹಿಡಿ. ಸರಳ ಮೈಲ್ಡ್ ಸ್ಟೀಲ್ ಇರಲಿ. ಕಾಂಕ್ರೀಟಿಗೆ ಹಾಕೂ ಟಿಎಂಟಿ ಸರಳ ಬ್ಯಾಡ, ಕಾಸಿದರ ಅದರ ಮ್ಯಾಲಿನ ಗಟ್ಟಿ ಪದರ ಹೋಗತೈತಿ. ಜಸ್ತಾ ಬಳದ ಜಿಐ ಪೈಪನ್ನ ಅಂತೂ ಕುಲುಮಿ ಹತ್ತರ ತರಬ್ಯಾಡ, ಅದರ ಹೊಗಿ ಕುಡದರ ಚಳಿಜ್ವರ ಬರತೈತಿ.

ಸರಳನ್ನ ಕಾಸಿ ಹಗ್ಗದಂಗ ತಿರುವು ಹಾಕೂವಾಗ ಎಲ್ಲಾ ಸರಳಿಗೂ ಒಂದ ಜಾಗಾದಾಗ ಪಂಚ್ ಗುರುತ ಹೊಡಸು, ಸುಣ್ಣದ ಗುರುತ ಬೆಂಕ್ಯಾಗ ಉಳಿಯೂದಿಲ್ಲ. ಕಾವ ಒಂದ ಸಮ ಇರಬೇಕು. ಹೆಚ್ಚ ಕಾದಲ್ಲಿ ತಿರುವು ಬಿಗೀ, ಕಡಿಮಿ ಕಾದಲ್ಲಿ ಸಡಲ. ಒಂದ ಕಡೆ ಲಗೂನ ತಿರಗಾಕತ್ತಿದರ ಅಲ್ಲಿ ಒಂದೀಟ ನೀರ ಬಿಟ್ಟರ ನಿಲ್ಲತೈತಿ. ಕಿತ್ತಳಿ ಹಳದಿ ಬಣ್ಣ ಇದ್ದಾಗ ಬಡೀಬೇಕು, ಮಂಕ ಕೆಂಪಿಗೆ ಬಂತಂದ್ರ ತಿರಗಿ ಕುಲುಮಿಗೆ. ಬೆಳ್ಳಗಾಗಿ ಕಿಡಿ ಹಾರಿದರ ಕಬ್ಬಿಣ ಸುಟ್ಟಂಗ, ಆ ತುಂಡ ಕತ್ತರಿಸಿ ಒಗಿಬೇಕು. ಇದೆಲ್ಲ ಕಾಕಾಗ ಗೊತ್ತೈತಿ, ಅವಸರ ಮಾಡಬ್ಯಾಡ.

ಬಡದ ಕಬ್ಬಿಣದ ಮ್ಯಾಲ ಕರೇ ಹೊಟ್ಟ, ಅಂದ್ರ ಕಾಸಿದಾಗ ಏಳೂ ಪದರ, ಕುಂತಿರತೈತಿ. ಅದರ ಮ್ಯಾಲೇ ಬಣ್ಣಾ ಹಚ್ಚಿದರ ಹೊಟ್ಟಿನ ಸಮೇತ ಕಿತ್ತ ಬರತೈತಿ. ತಂತಿ ಬ್ರಶ್‌ಲೆ ಪೂರಾ ತಿಕ್ಕಿ, ಅವತ್ತೇ ಪ್ರೈಮರ್, ಆಮ್ಯಾಲ ಎರಡ ಕೈ ಎನಾಮಲ್. ಹಲಗಿಗೆ ಅಗಸಿ ಎಣ್ಣಿ ಹಚ್ಚತಿದ್ದರ ಕುದಿಸಿದ್ದು ತಗೋ, ಹಸೀದು ದಿನಗಟ್ಟಲೆ ಅಂಟತೈತಿ. ಎಣ್ಣಿ ಒರಸಿದ ಅರಬಿನ್ನ ಮುದ್ದಿ ಮಾಡಿ ಮೂಲ್ಯಾಗ ಒಗಿಬ್ಯಾಡ, ಒಳಗ ಕಾವ ಏರಿ ತಾನಾ ಬೆಂಕಿ ಹತ್ತತೈತಿ. ಅಗಲ ಹರವಿ ಹೊರಗ ಒಣಗಿಸು. ಇದನ್ನ ಮನ್ಯಾಗ ಎಲ್ಲಾರಿಗೂ ಹೇಳು.

ಹತ್ಯಾರಕ್ಕ ಬಂದ್ರ, ಅಡಿಗಲ್ಲು, ಇಕ್ಕಳ, ಚಮ್ಮಟಿಗಿ ಏನೂ ತಗೋಬ್ಯಾಡ, ಕಾಕಾನ ಕಡೆ ಅದಾವ. ನಿನಗ ನಾಕ ಇಂಚಿನ ಗ್ರೈಂಡರ್, ಒಂದ ಛಲೋ ಡ್ರಿಲ್, 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಮಶೀನ್ ಸಾಕು. ಗ್ರೈಂಡರಿನ ಗಾರ್ಡ್ ಬಿಚ್ಚಬ್ಯಾಡ, ಕಟ್ಟಿಗಿ ಕೊಯ್ಯೂ ಹಲ್ಲಿನ ಬ್ಲೇಡ್ ಅದಕ್ಕ ಹಾಕಲೇಬ್ಯಾಡ. ಕಟಿಂಗ್ ಚಕ್ರದ ನಡುವಿನ ತಗಡಿನ ಬಳಿ ಮ್ಯಾಲ ಅವಧಿ ತಾರೀಖ ಇರತೈತಿ, ಓದಿ ತಗೋ. 3.15 ಮಿಮೀ ರಾಡ್‌ಗೆ 100ರಿಂದ 120 ಆಂಪ್ ಇಟ್ಟು ನೋಡು. ಹಿತ್ತಲತನಾ ಸಣ್ಣ ವಾಯರ್ ಎಳದರ ವೋಲ್ಟೇಜ್ ಇಳದು ರಾಡ್ ಅಂಟಕೋತ ಹೋಗತೈತಿ, ಮಶೀನ್ ಕೆಟ್ಟೈತಿ ಅನಸತೈತಿ. 4 ಸ್ಕ್ವೇರ್ ಎಂಎಂ ತಾಮ್ರದ ವಾಯರ್ ತಗೋ, ಅರ್ಥಿಂಗ್ ಕೂಡಸು.