ಸಹಾಯ ಬೇಕು: ಸೋಲಾರ್ ಪಂಪ್ ಓಡ್ತಿದೆ, ಪ್ರೆಶರ್ ಮಾತ್ರ 42 ಪಿಎಸ್‌ಐ ದಾಟ್ತಿಲ್ಲ

ಎಲ್ಲರಿಗೂ ನಮಸ್ಕಾರ. ಬ್ಯಾಟರಿ ಇಲ್ಲ, ಗ್ರಿಡ್ ಕರೆಂಟೂ ಇಲ್ಲ. ಪ್ಯಾನೆಲ್‌ನಿಂದ ಕಂಟ್ರೋಲರ್, ಅಲ್ಲಿಂದ ನೇರ ಡಿಸಿ ಸಬ್‌ಮರ್ಸಿಬಲ್ ಪಂಪ್. ಪಂಪ್‌ನ ಗರಿಷ್ಠ ಹೆಡ್ (ನೀರು ಎತ್ತಬಲ್ಲ ಎತ್ತರ) 80 ಮೀಟರ್, ಓಡುವಾಗ ನೀರಿನ ಮಟ್ಟ 33 ಮೀಟರ್ ಆಳದಲ್ಲಿ. ಪ್ರೆಶರ್ ಸ್ವಿಚ್ 30ಕ್ಕೆ ಆನ್, 50ಕ್ಕೆ ಆಫ್.

ಬೆಳಗ್ಗೆ ಬಿಸಿಲು ಕಮ್ಮಿ ಇದ್ದಾಗ ಪ್ರೆಶರ್ ಏರದಿದ್ದರೆ ಸರಿ, ವೇಗ 80% ಆದ್ರೆ ಹೆಡ್ 64%ಕ್ಕೆ ಇಳಿಯುತ್ತೆ. ಆದ್ರೆ ಈಗ ನಡುಮಧ್ಯಾಹ್ನವೂ 42ಕ್ಕೇ ನಿಲ್ತಿದೆ, ಪಂಪ್ ಆಫ್ ಆಗ್ತಾನೇ ಇಲ್ಲ. ಕಂಟ್ರೋಲರ್‌ನಲ್ಲಿ ವೇಗ ಪೂರ್ತಿ ತೋರಿಸ್ತಿದೆ, ವೋಲ್ಟೇಜ್ ಕುಸಿದಿಲ್ಲ, ಆಂಪ್ಸ್ ಮೊದಲಿನಷ್ಟೇ. ಪ್ಯಾನೆಲ್ ತೊಳೆದಾಯ್ತು, ಫಿಲ್ಟರ್ ಕ್ಲೀನ್ ಆಯ್ತು, ಗೇಜ್ ಹೊಸದು. ಪ್ರೆಶರ್ ಟ್ಯಾಂಕ್‌ನ ನೀರು ಖಾಲಿ ಮಾಡಿ ಅದರೊಳಗಿನ ಗಾಳಿ 28 ಪಿಎಸ್‌ಐಗೆ ಇಟ್ಟಾಯ್ತು (ನೀರು ಇರುವಾಗ ಅಳೆದರೆ ಆ ಲೆಕ್ಕಕ್ಕೆ ಅರ್ಥವಿಲ್ಲ).

ಆಮೇಲೆ ಬಾವಿ ಬಾಯಿಯ ವಾಲ್ವ್ 10 ಸೆಕೆಂಡ್ ಪೂರ್ತಿ ಮುಚ್ಚಿ ನೋಡಿದೆ. 80ರಲ್ಲಿ 33 ಕಳೆದು ಉಳಿಯೋ ಹೆಡ್ 47 ಮೀಟರ್, ಅಂದ್ರೆ ಸುಮಾರು 67 ಪಿಎಸ್‌ಐ ಬರಬೇಕಿತ್ತು, ಬಂದದ್ದು 44. ಹಾಗಾಗಿ ವಾಲ್ವ್‌ನಿಂದ ಮುಂದಿನ ಪೈಪ್‌ಲೈನ್‌ದು ತಪ್ಪಲ್ಲ. ವಾಲ್ವ್ ಮುಚ್ಚಿದಂತೆಯೇ ಪಂಪ್ ನಿಲ್ಲಿಸಿದ್ರೆ 4 ನಿಮಿಷದಲ್ಲಿ ಗೇಜ್ ಸೊನ್ನೆ.

ಗೊಂದಲ ಇಲ್ಲೇ. ಚೆಕ್ ವಾಲ್ವ್ (ನೀರು ವಾಪಸ್ ಇಳಿಯದಂತೆ ತಡೆಯೋದು) ಸೋರಿದ್ರೆ ನಿಂತ ಮೇಲೆ ಇಳಿಯೋದು ಸರಿ, ಓಡುವಾಗ ಯಾಕೆ ಕಮ್ಮಿ? ಇಂಪೆಲ್ಲರ್ (ಪಂಪ್‌ನೊಳಗೆ ತಿರುಗಿ ನೀರು ತಳ್ಳೋ ಚಕ್ರ) ಸವೆದಿದ್ರೆ ಆಂಪ್ಸೂ ಇಳೀಬೇಕಿತ್ತಲ್ವಾ? ಕಾಲಮ್ ಪೈಪ್ (ಪಂಪ್‌ನಿಂದ ಬಾವಿ ಬಾಯಿವರೆಗಿನ ಪೈಪ್) ತೂತಾಗಿದ್ರೆ ಓಡುವಾಗ ಕಮ್ಮಿ, ನಿಂತ ಮೇಲೆ ಇಳಿಯೋದು ಎರಡೂ ಹೊಂದುತ್ತೆ, ಆದ್ರೆ ಬಾವಿಯೊಳಗೆ ನೀರು ಚಿಮ್ಮುವ ಸದ್ದಿಲ್ಲ. ತೂತು ನೀರಿನ ಮಟ್ಟದ ಕೆಳಗಿದ್ರೆ ಕೇಳಿಸಲ್ಲ ಅನ್ನೋದೂ ಗೊತ್ತು.

ಪಂಪ್ ಮೇಲೆತ್ತದೆ, ಪೈಪ್ ತೂತೋ ಇಂಪೆಲ್ಲರ್ ಸವೆತವೋ ಅಂತ ಖಚಿತ ಮಾಡಿಕೊಳ್ಳೋ ಪರೀಕ್ಷೆ ಯಾವುದು?